ರಜೆಯಲ್ಲಿ ಎದ್ದ ಹೊಗೆ

ನಾನಿರುವ ಹಿಂದೂಪುರದ ಬೀದಿಯ ಹೋಟೆಲಿನವರು ಉರಿಯುವ ಸೌದೆಗೆ ನೀರು ಸುರಿದರೆ, ಆ ವಾಸನೆಗೆ ಈಗಲೂ ನನ್ನ ಹಸಿವು ಸತ್ತುಹೋಗುತ್ತದೆ.

ಚಿಕ್ಕಂದಿನಲ್ಲಿ ನಾನು ಓದುತ್ತಿದ್ದ, ಕಂಬದೂರಿನ ಹತ್ತಿರದ ನಮ್ಮೂರ ಶಾಲೆಗೆ ಆಗ ಬೇಸಿಗೆ ರಜೆ. ಬಿಸಿಯೂಟ ಮಾಡುತ್ತಿದ್ದ ನಿಂಗಮ್ಮ, ದೊಡ್ಡ ಪಾತ್ರೆಗಳ ಜಿಡ್ಡು ಬಿಡಿಸಿ ಎತ್ತಿಡೋಣವೆಂದು ಒಂದು ಮಧ್ಯಾಹ್ನ ಶಾಲೆಯ ಒಲೆ ಹಚ್ಚಿ ನೀರು ಕಾಯಲಿಟ್ಟಿದ್ದಳು. ಅಮ್ಮ ಕೂಲಿಗೆ ಹೋಗಿದ್ದಳು. ಬೆಳಗ್ಗೆ ಕುಡಿದ ಗಂಜಿ ಯಾವಾಗಲೋ ಕರಗಿತ್ತು. ಅಂಗಳದಿಂದ ಆ ಹೊಗೆ ಕಂಡದ್ದೇ ತಡ, ತಂಗಿ ತಟ್ಟೆ ಹಿಡಿದು ಓಡಿದಳು. ಹಿಂದೆಯೇ ನಾನೂ ಓಡಿದೆ.

ಶಾಲೆಯ ಜಗಲಿಯ ಮೇಲೆ ಆಗಲೇ ಕೆಲವು ಮಕ್ಕಳು ಸಾಲಾಗಿ ಕೂತಿದ್ದರು. ಮೇಷ್ಟ್ರು ಕಲಿಸಿದಂತೆಯೇ ಕೈ ತೊಳೆದು, ತಟ್ಟೆ ಮುಂದಿಟ್ಟುಕೊಂಡು, ಮಾತಿಲ್ಲದೆ. ನಾವೂ ಕೂತೆವು.

ಹೊರಗೆ ಬಂದ ನಿಂಗಮ್ಮ ನಮ್ಮನ್ನು ನೋಡಿ ಬಾಗಿಲು ಹಿಡಿದುಕೊಂಡಳು.

"ಅನ್ನ ಇಲ್ಲ ಕಣ್ರಪ್ಪ, ಪಾತ್ರೆ ತೊಳ್ಯಾಕೆ ನೀರು ಕಾಯ್ತೈತೆ, ಅಷ್ಟೆ. ಮನೀಗ್ ಹೋಗ್ರಿ." ತೆಲುಗು ಮಾತಾಡುವ ಮಕ್ಕಳ ಕಡೆ ತಿರುಗಿ "ಇಂಟಿಕಿ ಪೋಂಡ್ರಾ" ಎಂದೂ ಬೇಡಿಕೊಂಡಳು.

ಎರಡು ಭಾಷೆಯಲ್ಲಿ ಹೇಳಿದರೂ ಯಾರೂ ಏಳಲಿಲ್ಲ.

"ಹೊಗೆ ಬತ್ತೈತಲ್ಲಕ್ಕ" ಎಂದಳು ತಂಗಿ ನಿಂಗಮ್ಮನಿಗೆ.

ನಿಂಗಮ್ಮ ಒಳಗೆ ಹೋಗಿ ಬಿಂದಿಗೆಯ ನೀರನ್ನೆಲ್ಲ ಒಲೆಗೆ ಸುರಿದಳು. ಚುಂಯ್ ಎಂದು ಬೂದಿ ಎದ್ದಿತು. ಹೊಗೆ ಮೊದಲಿಗಿಂತ ದಟ್ಟವಾಗಿ ಸೂರು ದಾಟಿ ಮೇಲೇರಿತು. ಅದನ್ನು ಕಂಡು ಆಚೆ ಕೇರಿಯ ಮಕ್ಕಳೂ ತಟ್ಟೆ ಬಡಿಯುತ್ತ ಓಡಿಬಂದರು.

ತಂಗಿ ಒತ್ತರಿಸಿಕೊಂಡು ಕೂತು, ಅವರಿಗೆ ಜಾಗ ಮಾಡಿಕೊಟ್ಟಳು.