ಮುಚ್ಚಳದ ಒಳಗಿನ ಗೀರು

ಹಳೇ ಕಾರಿಗೆಂದು ನಂಜರಾಜ ಅರಸರು ಊರೂರು ಅಲೆದು ಕೊಂಡಿದ್ದ ಗೇರ್‌ಬಾಕ್ಸ್ ಇನ್ನೆಲ್ಲೂ ಸಿಗುವಂಥದ್ದಲ್ಲ. ಕಾರು ರಿಪೇರಿ ಶೆಡ್ಡಿನ ಮೇಸ್ತ್ರಿ ಅದಲುಬದಲು ಮಾಡಿಬಿಟ್ಟಾನೆಂಬ ಗುಮಾನಿಯಿಂದ, ಜಿಡ್ಡುಗಟ್ಟಿದ ಮುಚ್ಚಳದ ಒಳಗೆ ಗುಟ್ಟಾಗಿ ಒಂದು ಗೀರು ಎಳೆದೇ ಕೊಟ್ಟಿದ್ದರು. ಎರಡು ದಿನ ಶೆಡ್ಡಿನಲ್ಲೇ ಕುರ್ಚಿ ಹಾಕಿಕೊಂಡು ಕಾದರು. ಮೂರನೆಯ ದಿನ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅವನು ಅದನ್ನು ಕಾರಿಗೆ ಕೂರಿಸಿಯೇಬಿಟ್ಟಿದ್ದ.

"ಮುಚ್ಚಳ ಬಿಚ್ಚು, ನೋಡ್ಬೇಕು."

"ನನ್ ಮೇಲೆ ಅನುಮಾನಾನಾ ಸಾರ್?"

"ಬಿಚ್ಚು ಅಂದೆ."

ಮೇಸ್ತ್ರಿ ಬಿಚ್ಚಿ ಕೈಗಿತ್ತ. ಗೀರು ಹಾಗೇ ಇತ್ತು. ಜಿಡ್ಡು ತೊಳೆದಿದ್ದರಿಂದ ಪಕ್ಕದಲ್ಲೇ, ಉಳಿಯಿಂದ ಹೊಡೆದ ಮೂರು ಹಳೇ ಚುಕ್ಕಿಗಳೂ ಕಂಡವು.

"ಈ ಚುಕ್ಕಿ ಯಾರ್ದು?"

"ನಂದೇ ಸಾರ್. ಹನ್ನೊಂದು ವರ್ಷದ ಹಿಂದೆ ಇದೇ ಶೆಡ್ಡಿಂದ ಕಳುವಾದ ಗೇರ್‌ಬಾಕ್ಸಿದು. ಕುರ್ಚಿ ಅಲ್ಲೇ ಇದೆ, ಕೂತ್ಕೊಳ್ಳಿ. ಪೊಲೀಸ್ನೋರು ಬರ್ತಾ ಇದ್ದಾರೆ."