ಮಗಳ ಪಾಲಿನ ಕಾಯುವಿಕೆ

ದೋಸೆ ಹುಯ್ಯುತ್ತಿದ್ದಾಗ ನನ್ನ ಕೈಪಟ್ಟಿ ಮಿನುಗಿತು. ನಾಳೆ ನಾವು ಹೋಗಲಿರುವ ಆಟದ ಪಾರ್ಕಿನವರು ಮಗಳು ಇಂಪನಾಳ ಕಾಯುವಿಕೆಯನ್ನು ಕಳಿಸಿದ್ದರು. ಮಕ್ಕಳು ಸಾಲಿನಲ್ಲಿ ಬೇಸರಪಡಬಾರದೆಂದು ಅದನ್ನು ತಾಯಂದಿರೇ ಹಿಂದಿನ ದಿನ ಮನೆಯಲ್ಲಿ ಅನುಭವಿಸಿ ಮುಗಿಸುವುದು ಈಗ ರೂಢಿ.

ನನ್ನ ಕಾಲು ನಿಲ್ಲಲಿಲ್ಲ. ಬಾಗಿಲಿಗೆ ಹೋದೆ, ಬಂದೆ, ಸುಮ್ಮನೆ ಫ್ರಿಜ್ ತೆರೆದೆ. ದೋಸೆ ಸೀದಿತು.

"ಟಿಕೆಟ್ಟೇ ದುಬಾರಿ ಪುಟ್ಟಿ, ಎರಡೇ ಆಟ. ಜಾಸ್ತಿ ಆಸೆ ಇಟ್ಕೋಬೇಡ," ಎಂದೆ.

"ಹೂಂ," ಎಂದಳು, ಸೀದ ಅಂಚು ಮುರಿಯುತ್ತ.

ಹೋದ ವರ್ಷವೂ ಅವಳ ಕಾಯುವಿಕೆಯನ್ನು ನಾನೇ ಮುಗಿಸಿದ್ದೆ; ದೊಡ್ಡ ಜಾರುಬಂಡೆಯಿಂದ ಇಳಿದಾಗ ಮಜಾ ಬಂತಾ ಎಂದದ್ದಕ್ಕೂ ಹೀಗೇ ಹೂಂ ಎಂದಿದ್ದಳು. ಈ ಸಲವಾದರೂ ಅವಳು ಕುಣಿಯುವುದನ್ನು ನಾನು ನೋಡಬೇಕಿತ್ತು.

ಜಾರುಬಂಡೆ ಇಲ್ಲಿಂದಲೇ ಕಾಣುತ್ತದೇನೋ ಎಂಬಂತೆ ಕಿಟಕಿಯಲ್ಲಿ ಇಣುಕಿದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಅಮ್ಮಾ, ಆ ಕಾಯೋದ್ರಲ್ಲಿ ನಂಗೂ ಸ್ವಲ್ಪ ಕೊಡ್ತೀಯಾ?"