ಬೆಳಕಿನ ಬೋರ್ಡಿಗೆ ತಕರಾರು

ನಗರಸಭೆಯ ನೌಕರ ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ವೀರು ಅಡ್ಡ ಬಂದು ನಿಂತ. ಬೆಟಗೇರಿಯ ಆ ಓಣಿಯ ಕಂಬಕ್ಕೆ ಅವನೇ ವಾರದ ಹಿಂದೆ ಕಟ್ಟಿಸಿದ್ದ ಎಲ್‌ಇಡಿ ಪರದೆಯಲ್ಲಿ ಅವನ ಅಪ್ಪ ಹುಚ್ಚೀರಪ್ಪ ನಗುತ್ತಿದ್ದ. ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂಬ ಅಕ್ಷರಗಳು ಓಡುತ್ತಿದ್ದವು. ಬೆಳಕು ಒಮ್ಮೆ ಕೆಂಪಾಗಿ, ಒಮ್ಮೆ ನೀಲಿಯಾಗಿ ವೀರುವಿನ ಮನೆಯ ಕಿಟಕಿಗೂ ಎದುರಿನ ಯೂಸುಫನ ಗೋಡೆಗೂ ಬಡಿಯುತ್ತಿತ್ತು.

“ಜನ ವಾಸ ಮಾಡೋ ಓಣಿಯಾಗ ಇಂಥಾ ಬೋರ್ಡ್ ಹಚ್ಚಾಕ ಪರವಾನಗಿ ಇಲ್ರಿ,” ಎಂದ ನೌಕರ. “ಓಣಿಯವರ ತಕರಾರು ಬಂದೈತಿ. ಆರಿಸಬೇಕು.”

“ಯಾರ್ದು ಅಂತ ನನಗ ಗೊತ್ತೈತಿ.” ನೋಡುತ್ತ ಪಕ್ಕದಲ್ಲಿ ನಿಂತಿದ್ದ ಯೂಸುಫನ ಕೊರಳಪಟ್ಟಿಯನ್ನು ವೀರು ಹಿಡಿದ. “ಸತ್ತಾಂವನ ಫೋಟೋನೂ ನಿನ್ನ ಕಣ್ಣಿಗೆ ಚುಚ್ತೈತೇನಲೇ?”

“ನಿಮ್ಮಪ್ಪನ ಮಣ್ಣಿಗೆ ಬಂದಾಂವ ನಾನು. ಕಿಟಕಿಗೆ ಗೋಣಿಚೀಲ ಕಟ್ಟಿ ಮಲಗ್ತೀನಿ, ತಕರಾರು ಯಾಕ ಕೊಡ್ಲೋ ಮಾರಾಯಾ?”

“ಅಂವನ್ನ ಬಿಡೋ. ಕೊಟ್ಟಾಕಿ ನಾನು.” ಮನೆಯ ಕಟ್ಟೆಯ ಮೇಲೆ ಕೂತಿದ್ದ ವೀರುವಿನ ತಾಯಿ ಗದಿಗೆವ್ವ ಹೇಳಿದಳು.

“ಯವ್ವಾ! ಅದು ಅಪ್ಪನ ಫೋಟೋ ಐತಿ.”

“ಖರೆ. ದಿನಾ ಕುಡದು ಬಂದು, ಲೈಟ್ ಹಚ್ಚಿ, ನನ್ನ ಎಬ್ಬಿಸಿ ಕುಂಡ್ರಿಸ್ತಿದ್ದ. ನೀನೂ ನೋಡೀದಿ. ಸತ್ತ ಮ್ಯಾಲರ ನಿದ್ದಿ ಬರ್ತೈತಿ ಅಂದ್ಕೊಂಡಿದ್ದೆ. ನೀ ಮತ್ತ ಅಂವನ್ನ ತಂದು ಕಿಟಕಿ ಮುಂದ ನಿಲ್ಲಿಸಿದಿ.”

ವೀರುವಿನ ಕೈ ಸಡಿಲಾಯಿತು. ನೌಕರ ಮತ್ತೆ ಸ್ವಿಚ್ಚಿಗೆ ಕೈ ಹಾಕಿದ. ವೀರು ತಡೆಯಲಿಲ್ಲ.